ಅತ್ತೆಯ ಮೊಣಕಾಲಿಗೆ ಕಾಡಿನ ಅಪ್ಪಣೆ

ಮಧುರೆಯಿಂದ ಬೆಳಗಿನ ಜಾವ ಹೊರಟು, ಕಾಡು ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಪ್ರವಾಸವೊಂದನ್ನು ನನ್ನ ಮಗಳು ಗೊತ್ತುಮಾಡಿದಳು. ಪ್ರೈವೇಟ್ ಸಫಾರಿ ಅಂದಳು. ಕಾರು ನಮಗಷ್ಟೇ, ಕಾಡೊಳಗಿನ ಜೀಪೂ ನಮಗಷ್ಟೇ, ಬೇರೆ ಯಾರೂ ಹತ್ತುವುದಿಲ್ಲ. ಹಾಗೆಂದರೆ ಜಗಳವಾಡಲಿಕ್ಕೂ ನಮಗೆ ನಾವೇ ಗತಿ ಎಂಬುದು ಆಂಡಿಪಟ್ಟಿ ದಾಟುವಷ್ಟರಲ್ಲಿ ನನಗೆ ತಿಳಿಯಿತು.

ಹೊರಟವರು ನಾಲ್ಕು ಜನ. ನಾನು, ನನ್ನ ಯಜಮಾನರು, ಅವರ ತಾಯಿ ಅಂದರೆ ನನ್ನ ಅತ್ತೆ, ಮತ್ತೆ ಮಗಳು. ಯಜಮಾನರದು ಮಧುರೆಯಲ್ಲಿ ತೆಂಗಿನಕಾಯಿ ವ್ಯಾಪಾರ. ಹಗಲೆಲ್ಲ ಕಾಯಿ ನೋಡುತ್ತಾರೆ, ಮನೆಗೆ ಬಂದರೆ ಟೀವಿಯಲ್ಲಿ ಹುಲಿ ನೋಡುತ್ತಾರೆ. ಹತ್ತು ವರ್ಷ ಹುಲಿ ನೋಡಿ ನೋಡಿ, ಹುಲಿಯ ಸೋದರಮಾವನ ಹಾಗೆ ಮಾತಾಡುವುದು ಅವರಿಗೆ ರೂಢಿಯಾಗಿದೆ. ಈ ಪ್ರವಾಸಕ್ಕೆಂದೇ ಎಲೆ ಬಣ್ಣದ ಅಂಗಿ ಹೊಲಿಸಿದರು. ಮೃಗಗಳ ಕಣ್ಣಿಗೆ ಬೀಳಬಾರದಂತೆ. ಅಂಗಿಯೇನೋ ಕಾಡಿನ ಬಣ್ಣದ್ದೇ, ಆದರೆ ಅವರು ತಲೆಗೆ ಹಚ್ಚಿಕೊಂಡ ಎಣ್ಣೆಯ ವಾಸನೆ ಮುಂದಿನ ಬೀದಿಗೂ ಹೋಗುತ್ತಿತ್ತು. ನಾನು ಅದನ್ನು ಹೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಅನ್ನುವ ಬುದ್ಧಿಯನ್ನು ದೇವಿ ತಾಯಿ ನನಗೆ ಕೊಟ್ಟಿದ್ದಾಳೆ.

ಇನ್ನು ಅತ್ತೆಯ ವಿಷಯ. ಎರಡು ಮೊಣಕಾಲೂ ಸವೆದು ಹೋಗಿದ್ದವು. ಆಪರೇಷನ್ ಮಾಡಿಸದಿದ್ದರೆ ಈ ವರ್ಷ ದಾಟುವಷ್ಟರಲ್ಲಿ ಪೂರ್ತಿ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬೆಳಗ್ಗೆ ಏಳಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಅಲ್ಲಿ ಕೂರಿಸಿ ಎತ್ತುವುದು, ಎಲ್ಲ ನನ್ನ ಪಾಲಿನ ಕೆಲಸ. ಅದಕ್ಕೆ ನನಗೆ ಬೇಸರವಿರಲಿಲ್ಲ, ನನ್ನ ಸೊಂಟಕ್ಕೆ ಮಾತ್ರ ಇತ್ತು. ನನಗಿಂತ ಅವರಿಗೇ ಹೆಚ್ಚು ಕಷ್ಟವಾಗುತ್ತಿತ್ತು. ಬಚ್ಚಲಲ್ಲಿ ನನ್ನ ಹೆಗಲು ಹಿಡಿದಾಗ ಒಂದು ದಿನವೂ ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆ ನೋಡುತ್ತಿದ್ದರು. ಆದರೂ ಆಪರೇಷನ್ ಎಂದರೆ ಬೇಡ. ಭಯ ಎಂದು ಒಪ್ಪಿಕೊಳ್ಳುವ ಜಾತಿಯಲ್ಲ ಅವರು. ರಾಜನ ಅಪ್ಪಣೆಯಾಗಬೇಕು ಅನ್ನುತ್ತಿದ್ದರು.

ಈ ರಾಜ ಯಾರು ಅಂದರೆ ಒಂದು ಗೂಳಿ. ಕಂಬಂ ಕಡೆಯ ಕನ್ನಡದವರು ನಾವು, ದೇವರ ಹೆಸರಿಗೆ ಬಿಟ್ಟ ದನಗಳ ದೊಡ್ಡಿಯನ್ನು ತೊಳು ಅನ್ನುತ್ತೇವೆ. ಆ ದನಗಳ ಹಾಲು ಮನೆಗಿಲ್ಲ, ಅವುಗಳನ್ನು ಮಾರುವುದಿಲ್ಲ, ನೇಗಿಲಿಗೆ ಕಟ್ಟುವುದಿಲ್ಲ. ಮಂದೆಗೊಬ್ಬ ಪಟ್ಟದ ಗೂಳಿ. ಅವನೇ ರಾಜ. ರಾಜ ತೀರಿಕೊಂಡರೆ ಮಂದೆಯ ಮುಂದೆ ಕಬ್ಬು ಹಿಡಿಯುತ್ತಾರೆ, ಯಾವ ಹೋರಿ ತಾನಾಗಿ ಬಂದು ತಿನ್ನುತ್ತದೋ ಅದಕ್ಕೇ ಪಟ್ಟ. ನಮ್ಮ ಅತ್ತೆಯ ತವರಿನವರು ಇದನ್ನೇ ಇನ್ನಷ್ಟು ಎಳೆದು, ಮನೆಯಲ್ಲಿ ಯಾವ ದೊಡ್ಡ ಕೆಲಸ ಬಂದರೂ ರಾಜನಿಗೆ ಕಬ್ಬು ಹಿಡಿದು ಕೇಳುವ ಪದ್ಧತಿ ಇಟ್ಟುಕೊಂಡಿದ್ದರು. ತಿಂದರೆ ಆಗಲಿ, ಮುಖ ತಿರುಗಿಸಿದರೆ ಬೇಡ. ನನ್ನ ಮದುವೆಗೂ ಕೇಳಿದ್ದರಂತೆ. ಅವತ್ತಿನ ರಾಜ ಕಬ್ಬನ್ನು ತಿಂದ, ಜೊತೆಗೆ ಕಬ್ಬು ಸುತ್ತಿ ತಂದಿದ್ದ ಟವಲನ್ನೂ ಅರ್ಧ ತಿಂದ. ಅದಕ್ಕೇ ಈ ಸೊಸೆ ಇಷ್ಟು ಗಟ್ಟಿ ಎಂದು ಅತ್ತೆ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ.

ಆದರೆ ಕೇಳಬೇಕಾದರೆ ಕಂಬಂಗೆ ಹೋಗಬೇಕು. ಬಸ್ಸು ಹತ್ತಲು ಮೊಣಕಾಲು ಬಿಡದು. ಮೊಣಕಾಲು ಸರಿಯಾಗಲು ಅಪ್ಪಣೆ ಬೇಕು. ಎರಡು ವರ್ಷ ಈ ಗಾಣದಲ್ಲೇ ಸುತ್ತಿದೆವು. ಕಡೆಗೆ ಮಗಳೇ ಉಪಾಯ ಹುಡುಕಿದಳು. ತೇಕ್ಕಡಿ ಕಾಡಿಗೆ ಹೋಗುವ ದಾರಿ ಕಂಬಂ ಊರೊಳಗಿಂದಲೇ ಹೋಗುತ್ತದೆ. ಅಪ್ಪನಿಗೆ ಹುಲಿ, ಅಜ್ಜಿಗೆ ಗೂಳಿ. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು, ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುವುದು ಗೊತ್ತು. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ನನ್ನ ಆಸೆಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಹುಟ್ಟಿದ್ದು ಕಂಬಂಗೆ ಈಚೆಯ ಒಂದು ಹಳ್ಳಿಯಲ್ಲಿ. ದ್ರಾಕ್ಷಿ ಚಪ್ಪರದಡಿ ಗೊಂಚಲು ಕತ್ತರಿಸುವಾಗ ತಲೆಯೆತ್ತಿದರೆ ಆ ಬೆಟ್ಟವೇ ಕಾಣುತ್ತಿತ್ತು. ಅದರಾಚೆ ಆನೆ ಇದೆ ಎಂದು ಕೇಳುತ್ತ ಬೆಳೆದೆ. ಬೆಟ್ಟದೊಳಕ್ಕೆ ಒಂದು ದಿನವೂ ಹೋದವಳಲ್ಲ. ಹೆಣ್ಣುಮಕ್ಕಳನ್ನು ಆನೆ ತೋರಿಸಲು ಕರೆದೊಯ್ಯುವ ಬಿಡುವು ಯಾವ ಮನೆಯಲ್ಲಿತ್ತು? ಹಾಗಾಗಿ ಒಂದು ಸಂಗತಿಯನ್ನು ನಾನು ಬಾಯಿ ಬಿಡದೆ ಉಳಿಸಿಕೊಂಡೆ. ತೊಳುವಿನ ದನಗಳು ಸೂರ್ಯ ಮೂಡುವಾಗಲೇ ಮೇಯಲು ಹೊರಟುಬಿಡುತ್ತವೆ. ನಾವು ಎಷ್ಟು ಬೇಗ ಹೊರಟರೂ ಕಂಬಂ ತಲುಪುವುದು ಬಿಸಿಲೇರಿದ ಮೇಲೆ. ಇದನ್ನು ಮೊದಲೇ ಹೇಳಿದ್ದರೆ ಹಿಂದಿನ ಸಂಜೆಯೇ ಹೋಗಿ ಅಲ್ಲಿ ತಂಗೋಣ ಅನ್ನುತ್ತಿದ್ದರು, ನೆಂಟರ ಮನೆಯಲ್ಲಿ ಇಡೀ ದಿನ ಬೇಳೆ ಬೇಯಿಸುವುದೇ ನನ್ನ ಸಫಾರಿಯಾಗುತ್ತಿತ್ತು. ತೇನಿ ದಾಟಿ ವೀರಪಾಂಡಿಯ ಅಮ್ಮನ ಗುಡಿ ಬಂದಾಗ ಕಾರಿನಿಂದಲೇ ಕೈಮುಗಿದು, ತಾಯೀ, ಇದೊಂದು ತಪ್ಪನ್ನು ನನ್ನ ಲೆಕ್ಕಕ್ಕೆ ಬರೆಯಬೇಡ ಎಂದು ಕೇಳಿಕೊಂಡೆ.

ಚಿನ್ನಮನೂರಿನಲ್ಲಿ ಕಬ್ಬಿನ ಹಾಲಿನ ಗಾಡಿಯವನು ಆಗಷ್ಟೇ ಗಾಡಿ ತೆರೆಯುತ್ತಿದ್ದ. ಹಿಂಡದ ಕಬ್ಬು ಬೇಕು ಎಂದರೆ ಅವನಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಮೆಷೀನ್ ಇದೆಯಾ ಅಂದ. ಅತ್ತೆ ಕಿಟಕಿಯಿಂದಲೇ ಒಂದೊಂದು ಜಲ್ಲೆಯನ್ನೂ ತಿರುವಿ ನೋಡಿ, ವರ ನೋಡುವವರ ಹಾಗೆ ನಾಲ್ಕನ್ನು ಬೇಡವೆಂದು, ಐದನೆಯದನ್ನು ಒಪ್ಪಿಕೊಂಡರು. ಅದನ್ನು ಎರಡು ತುಂಡು ಮಾಡಿ ಕಾರಿನಲ್ಲಿ ಯಜಮಾನರ ಕಾಲ ಬಳಿ ಇಟ್ಟೆವು. ಅವರು ದಾರಿಯುದ್ದಕ್ಕೂ ಕಾಡೆಮ್ಮೆಗೂ ಕಾಡುಕೋಣಕ್ಕೂ ಇರುವ ವ್ಯತ್ಯಾಸವನ್ನು ಡ್ರೈವರಿಗೆ ವಿವರಿಸುತ್ತಿದ್ದರು. ಡ್ರೈವರು ತಿಂಗಳಿಗೆ ಹತ್ತು ಸಲ ಆ ಕಾಡಿಗೆ ಹೋಗುವವರು. ಪಾಪ, ಒಳ್ಳೆಯ ಮನುಷ್ಯ, ಅಪ್ಪಡಿಯಾ ಸಾರ್, ಹೌದಾ ಸಾರ್ ಅನ್ನುತ್ತ ಕೇಳುತ್ತಿದ್ದರು.

ಕಂಬಂ ತಲುಪಿದಾಗ ತೊಳು ಖಾಲಿ. ಅಂಗಳ ಗುಡಿಸುತ್ತಿದ್ದ ಮುದುಕರೊಬ್ಬರು, ದನ ಹೋಗಿ ಎರಡು ಗಂಟೆಯಾಯಿತು, ದೀಪ ಹಚ್ಚುವ ಹೊತ್ತಿಗೆ ಬರುತ್ತವೆ ಎಂದರು. ಯಜಮಾನರು ಗಡಿಯಾರ ನೋಡಿಕೊಂಡರು. ಹತ್ತೂವರೆಗೆ ಕಾಡಿನ ಬಾಗಿಲಾದ ಕುಮುಳಿಯಲ್ಲಿ ಜೀಪು ಕಾಯುತ್ತಿರುತ್ತದೆ. ಮಗಳ ಮುಖ ಬಾಡಿತು. ನಾನು ಮೆಲ್ಲಗೆ ಅತ್ತೆಯ ಕಡೆ ನೋಡಿದೆ, ಪೆಟ್ಟಾಗಿರಬೇಕು ಎಂದುಕೊಂಡೆ. ಅವರ ಮುಖದಲ್ಲಿ ಪೆಟ್ಟಿನ ಸುಳಿವೇ ಇಲ್ಲ. ಪರೀಕ್ಷೆ ಮುಂದಕ್ಕೆ ಹೋದ ಶಾಲೆಯ ಮಕ್ಕಳ ಮುಖ ಹೇಗಿರುತ್ತದೋ ಹಾಗಿತ್ತು.

ಆಗ ನನಗೆ ಹೊಳೆಯಿತು. ಅವರು ಹುಟ್ಟಿದ್ದು ಈ ತೊಳುವಿನ ಹಿಂದಿನ ಬೀದಿಯಲ್ಲಿ. ಅವರಪ್ಪ ಇದೇ ದನ ಕಾದವರು. ದನ ಎಷ್ಟು ಹೊತ್ತಿಗೆ ಹೊರಡುತ್ತವೆ ಎಂದು ನನಗೆ ಗೊತ್ತಿದ್ದ ಮೇಲೆ ಅವರಿಗೆ ಗೊತ್ತಿರದೆ ಇದ್ದೀತೆ? ಖಾಲಿ ದೊಡ್ಡಿ ನೋಡಲೆಂದೇ ಆ ಮುದುಕಿ ಇಷ್ಟು ದೂರ ಬಂದಿದ್ದರು. ಇನ್ನೊಂದು ವರ್ಷ ತಳ್ಳಬಹುದು ಎಂಬ ಆಸೆ. ನಾನು ಅವರ ಕಿವಿಯ ಹತ್ತಿರ ಬಗ್ಗಿದೆ.

"ಅತ್ತೆ, ದನ ಓಗಿರ್ತವೆ ಅಂತ ನಿಮಗೆ ಗೊತ್ತಿತ್ತು."

ಅವರು ಸೆರಗು ಸರಿಮಾಡಿಕೊಂಡರು. "ನಿನಗೂ ಗೊತ್ತಿತ್ತಲ್ಲ. ನೀ ಯಾಕೆ ಬಾಯಿ ಬುಡ್ಲಿಲ್ಲ? ನಿನಗೆ ಆನೆ ಬೇಕಿತ್ತು."

ಕಳ್ಳರಿಬ್ಬರು ಒಂದೇ ಬೇಲಿಯಲ್ಲಿ ಎದುರಾದರೆ ಇನ್ನೇನು ಮಾತಾಡುತ್ತಾರೆ? ಸಂಜೆ ಬರುವಾಗ ನೋಡೋಣ ಎಂದು ಯಜಮಾನರು ಕಾರು ಹೊರಡಿಸಿದರು. ಅಷ್ಟು ಹೊತ್ತಿಗೆ ಟೈಮ್ ಎಲ್ಲಿರುತ್ತೆ ಎಂದು ಅತ್ತೆ ಆಗಲೇ ರಾಗ ಎಳೆಯತೊಡಗಿದ್ದರು.

ಕುಮುಳಿಯಲ್ಲಿ ಕಾರು, ಕಬ್ಬು, ಡ್ರೈವರನ್ನು ಬಿಟ್ಟು ಜೀಪು ಹತ್ತಿದೆವು. ಕಾಡಿನೊಳಕ್ಕೆ ತಿನ್ನುವ ಪದಾರ್ಥ ಒಯ್ಯುವಂತಿಲ್ಲ. ಅತ್ತೆಯನ್ನು ಹತ್ತಿಸಲು ನಾನು ಕೆಳಗಿನಿಂದ, ಮಗಳು ಮೇಲಿನಿಂದ, ಯಜಮಾನರು ಬಾಯಿಂದ ಕೆಲಸ ಮಾಡಿದೆವು. ಜೀಪಿನವರ ಜೊತೆಗೆ ಕಾಡಿನ ವಾಚರೊಬ್ಬರು ಬಂದರು. ಬೆಟ್ಟದ ಕುಲದವರು, ವಯಸ್ಸಾದವರು, ಮಾತು ಕಡಿಮೆ. ಯಜಮಾನರು ಅವರಿಗೂ ಹುಲಿಯ ಪಾಠ ಶುರುಮಾಡಿದರು. ವಾಚರು ತುಟಿಯ ಮೇಲೆ ಬೆರಳಿಟ್ಟರು, ಕಾಡಿನಲ್ಲಿ ಸದ್ದು ಮಾಡಬಾರದು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರಿಗೂ ಆಗದ ಕೆಲಸ ಒಂದು ಬೆರಳಿನಿಂದ ಆಯಿತು. ಅದೂ ಒಂದು ದಯೆ ಎಂದು ಎಣಿಸಿಕೊಂಡೆ.

ಮೊದಲ ಗಂಟೆಯಲ್ಲಿ ಕಂಡದ್ದು ಮೂರು ಅಳಿಲು, ಒಂದು ಜಿಂಕೆಯ ಹಿಂಭಾಗ, ಮತ್ತೆ ಆನೆಯ ಲದ್ದಿ. ಲದ್ದಿ ಬಿಸಿಯಾಗಿದೆ, ಆನೆ ಹತ್ತಿರದಲ್ಲೇ ಇದೆ ಎಂದು ಯಜಮಾನರು ಪಿಸುಗುಟ್ಟಿದರು. ನಿನ್ನೆಯದು ಎಂದು ವಾಚರು ಅಷ್ಟೇ ಮೆಲ್ಲಗೆ ಹೇಳಿದರು. ನನಗೆ ಮಾತ್ರ ಏನೂ ಕೊರತೆ ಅನ್ನಿಸಲಿಲ್ಲ. ದೂರದಿಂದ ನೀಲಿಯಾಗಿ ಕಾಣುತ್ತಿದ್ದ ಬೆಟ್ಟದೊಳಗೆ ಇಷ್ಟು ಹಸಿರು ಇದೆ, ಇಷ್ಟು ತಂಪು ಇದೆ, ಎಲೆಯೊಂದು ಬಿದ್ದರೂ ಕೇಳುತ್ತದೆ. ಐವತ್ತು ದಾಟಿದ ಮೇಲಾದರೂ ತೋರಿಸಿದೆಯಲ್ಲ ತಾಯಿ, ಅಂದುಕೊಂಡೆ.

ಒಂದು ತಿರುವಿನಲ್ಲಿ ಜೀಪು ನಿಂತಿತು. ದಾರಿಗೆ ಅಡ್ಡಲಾಗಿ ಒಂದು ಕಾಡುಕೋಣ ನಿಂತಿತ್ತು. ಒಂಟಿ ಗಂಡು. ಎಣ್ಣೆ ತಿಕ್ಕಿದಂಥ ಕಪ್ಪು ಮೈ, ನಾಲ್ಕು ಕಾಲಿಗೂ ಮೊಣಕಾಲಿನ ಕೆಳಗೆ ಬಿಳಿ. ನಮ್ಮ ಅಡುಗೆಮನೆಗೆ ಅದನ್ನು ತಂದರೆ ಒಲೆ ಇಡಲು ಜಾಗ ಇರದು, ಅಷ್ಟು ದೊಡ್ಡದು. ವಾಚರು ಎಂಜಿನ್ ಆರಿಸಲು ಸನ್ನೆ ಮಾಡಿದರು. ಅದು ತಾನಾಗಿ ದಾರಿ ಬಿಡುವವರೆಗೆ ನಾವು ಕದಲುವಂತಿಲ್ಲ. ಅದು ನಮ್ಮತ್ತ ಒಂದು ಹೆಜ್ಜೆ ಇಟ್ಟಿತು. ಎಲೆ ಬಣ್ಣದ ಅಂಗಿ ನನ್ನ ಬೆನ್ನ ಹಿಂದೆ ಸರಿಯಿತು. ನೀನು ಚೆನ್ನಾಗಿ ನೋಡಲಿ ಅಂತ ಜಾಗ ಬಿಟ್ಟೆ ಎಂದು ಆಮೇಲೆ ಹೇಳಿದರು.

ಕಾಲು ಗಂಟೆಯಾಯಿತು. ಕೋಣ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿತ್ತು. ಮಗಳು ಅಜ್ಜಿಯ ಕಿವಿಯಲ್ಲಿ ತಮಿಳಿನಲ್ಲಿ, ರಾಜ ಸಿಗಲಿಲ್ಲ, ಇವನನ್ನಾದರೂ ಕೇಳು ಪಾಟ್ಟಿ ಎಂದಳು. ಚುಡಾಯಿಸಲು ಅಂದದ್ದು. ಕಾಡು ಮೃಗಕ್ಕೂ ದೇವರ ದನಕ್ಕೂ ಯಾವ ನಂಟು ಎಂದು ಅತ್ತೆ ಸಿಡುಕಿದರು. ಸಿಡುಕಿದವರು ಹಾಗೇ ಆ ಪ್ರಾಣಿಯನ್ನು ನೋಡುತ್ತ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ, ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ, ತಮ್ಮ ಅಪ್ಪನ ಕಾಲದಲ್ಲಿ ತೊಳುವಿನ ದನ ಈ ಬೆಟ್ಟದವರೆಗೂ ಮೇಯಲು ಬರುತ್ತಿದ್ದುದನ್ನು ಹೇಳಿದರು. ಒಮ್ಮೊಮ್ಮೆ ಒಂದೆರಡು ಹಸು ತಿರುಗಿ ಬರುತ್ತಿರಲಿಲ್ಲವಂತೆ. ಹುಲಿ ಹಿಡಿಯಿತು ಎಂದು ಬೇರೆಯವರು ಅಂದರೆ ಅವರಪ್ಪ ಒಪ್ಪುತ್ತಿರಲಿಲ್ಲವಂತೆ, ಕಾಡಿನವರ ಜೊತೆ ಸಂಸಾರ ಹೂಡಿದವು ಅನ್ನುತ್ತಿದ್ದರಂತೆ.

ಹಾಗೆ ಹೇಳುತ್ತಲೇ ಅವರಿಗೆ ಅವರ ಮಾತೇ ಗಂಟು ಹಾಕಿತು. ನಂಟಿದೆ ಎಂದು ತಾವೇ ಒಪ್ಪಿಯಾಯಿತು. ಎದುರಿಗೆ ಉತ್ತರ ಹೇಳುವವನು ನಿಂತಿದ್ದಾನೆ, ಹಿಂದಕ್ಕೆ ಹೋಗಲು ದಾರಿಯಿಲ್ಲ, ಇಳಿದು ಓಡಲು ಮೊಣಕಾಲಿಲ್ಲ. ಕೇಳದೆ ಬಿಟ್ಟರೆ ದೇವರ ಮುಂದೆ ತಪ್ಪಿಸಿಕೊಂಡ ಹಾಗೆ. ಅವರ ಕೈ ನನ್ನ ಕೈಯನ್ನು ಹುಡುಕಿತು. ಬೆರಳು ತಣ್ಣಗಿದ್ದವು. ಎರಡು ವರ್ಷದಲ್ಲಿ ಮೊದಲ ಸಲ ಅವರ ಭಯ ನನ್ನ ಅಂಗೈಗೆ ತಾಕಿತು. ನಾನು ಗಟ್ಟಿಯಾಗಿ ಹಿಡಿದೆ.

"ಅಪ್ಪಾ," ಎಂದರು ಅತ್ತೆ, ಕೇಳಿಯೂ ಕೇಳದ ದನಿಯಲ್ಲಿ. "ನನ್ನ ಕೈಯಾಗೆ ಕಬ್ಬಿಲ್ಲ. ಬರಿಗೈಯಾಗೆ ಕೇಳ್ತೀನಿ. ಕಾಲು ಕುಯ್ಯಿಸ್ಕೊಳ್ಳಾ, ಬ್ಯಾಡವಾ? ನನಗೆ ಬಯ ಆಯ್ತದೆ. ಅದನ್ನೂ ಯೋಳ್ಬುಟ್ಟೆ."

ಕನ್ನಡ ಬಾರದ ವಾಚರೂ ಏನೋ ನಡೆಯುತ್ತಿದೆ ಎಂದು ತಿಳಿದು ತಲೆ ತಗ್ಗಿಸಿದರು. ಕೋಣ ಮೆಲುಕು ನಿಲ್ಲಿಸಿತು. ನಿಧಾನಕ್ಕೆ ತಿರುಗಿ ನಮಗೆ ಬೆನ್ನು ಕೊಟ್ಟಿತು. ಮುಗಿಯಿತು ಎಂದುಕೊಂಡೆ ನಾನು. ಮುಖ ತಿರುಗಿಸಿದರೆ ಬೇಡ ಎಂದಲ್ಲವೆ ಲೆಕ್ಕ? ಅಷ್ಟರಲ್ಲಿ ಅದು ಬಾಲವೆತ್ತಿ, ದಾರಿಯ ನಟ್ಟನಡುವೆ, ಒಂದು ಮಂಕರಿ ತುಂಬುವಷ್ಟು ಸಗಣಿ ಹಾಕಿತು. ಆಮೇಲೆ ಅವಸರವಿಲ್ಲದೆ ಪೊದೆಯೊಳಗೆ ಇಳಿದು ಹೋಯಿತು.

ಯಜಮಾನರು ಜೋರಾಗಿ ನಿಟ್ಟುಸಿರು ಬಿಟ್ಟರು. ಬೆನ್ನು ತೋರಿಸಿಬಿಟ್ಟಿತಲ್ಲ ಅವ್ವ, ಇನ್ನು ನೀನು ಒಪ್ಪುವುದಿಲ್ಲ ಎಂದರು. ಅತ್ತೆ ಮಗನನ್ನು ನೋಡಿದ ನೋಟದಲ್ಲಿ ಅರವತ್ತು ವರ್ಷದ ಬೇಸರವಿತ್ತು.

"ಮುಂದೆ ನಡಿ ಅಂತ ಅಂಗಳ ಸಾರಿಸ್ಬುಟ್ಟು ಓದ. ಬ್ಯಾಡ ಅನ್ನೋನು ಸಾಣಿ ಇಕ್ತಾನಾ? ತೆಂಗಿನಕಾಯಿ ಮಾರಿ ಮಾರಿ ನಿನಗೆ ಏನೂ ತಿಳೀದಂಗಾಯ್ತು ಯಪ್ಪಾ."

ಸಗಣಿ ನಮಗೆ ಲಕ್ಷ್ಮಿ. ಅಂಗಳ ಸಾರಿಸಿ ರಂಗೋಲಿ ಹಾಕದೆ ಯಾವ ಒಳ್ಳೆಯ ಕೆಲಸ ಶುರುವಾಗುತ್ತದೆ? ಅತ್ತೆಗೆ ಅದನ್ನು ಒಂದು ಚಿಟಿಕೆ ಹಣೆಗೆ ಹಚ್ಚಿಕೊಳ್ಳುವ ಆಸೆ. ಕಾಡಿನಿಂದ ಏನನ್ನೂ ಎತ್ತುವಂತಿಲ್ಲ ಪಾಟ್ಟಿ, ಇಳಿಯಲೂ ಕೂಡದು ಎಂದರು ವಾಚರು. ಸಗಣಿಯನ್ನು ಲೆಕ್ಕ ಇಡುವ ಸರ್ಕಾರ ಯಾವುದು ಎಂದು ಅತ್ತೆ ವಾದಿಸಿದರು, ಸೋತರು, ಜೀಪು ಅದರ ಪಕ್ಕದಿಂದ ಹೋಗುವಾಗ ಕೈಮುಗಿದು ಸಮಾಧಾನ ಮಾಡಿಕೊಂಡರು. ಯಜಮಾನರ ಹುಲಿ ಕಡೆಗೂ ಬರಲಿಲ್ಲ. ನನ್ನ ಆನೆಯೂ ಬರಲಿಲ್ಲ. ನನಗೆ ಆಗ ಆನೆಯ ನೆನಪೂ ಇರಲಿಲ್ಲ.

ನಮಗಿದ್ದ ಭಯ ಬೇರೆ. ಅತ್ತೆಯ ಮನಸ್ಸು ಮತ್ತೆ ತಿರುಗುವಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡಬೇಕು, ಕಾಡಿನಲ್ಲಿ ಸಿಗ್ನಲ್ ಇಲ್ಲ. ಮಗಳು ಹೊರಗೆ ಬರುವವರೆಗೂ ಫೋನನ್ನು ಆರತಿ ತಟ್ಟೆಯ ಹಾಗೆ ಮೇಲಕ್ಕೆತ್ತಿ ಹಿಡಿದಿದ್ದಳು. ಕುಮುಳಿಗೆ ಬರುತ್ತಲೇ ಸಿಗ್ನಲ್ ಸಿಕ್ಕಿತು. ಆಸ್ಪತ್ರೆಯ ಹೆಣ್ಣುಮಗಳು ದಿನ ಹೇಳತೊಡಗಿದಳು. ಮಂಗಳವಾರ ಆಗದು ಎಂದರು ಅತ್ತೆ. ಅಷ್ಟಮಿ, ನವಮಿ ಆಗದು. ಶುಕ್ರವಾರ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು. ರಾಹುಕಾಲದಲ್ಲಿ ಕತ್ತಿ ಮುಟ್ಟಬಾರದು. ಹೀಗೆ ಕಳೆಯುತ್ತ ಹೋದರೆ ಉಳಿದದ್ದು ಡಾಕ್ಟರ ರಜೆಯ ದಿನ. ಆ ಹೆಣ್ಣುಮಗಳಿಗೆ ದೇವರು ಒಳ್ಳೆಯದು ಮಾಡಲಿ, ಒಮ್ಮೆಯೂ ಸಿಡುಕದೆ ಮುಂದಿನ ಗುರುವಾರ ಬೆಳಗ್ಗೆ ಎಂದು ಹುಡುಕಿ ಕೊಟ್ಟಳು.

ಇಷ್ಟಾದ ಮೇಲೆ ಯಜಮಾನರು ಸುಮ್ಮನೆ ಮಧುರೆಗೆ ಹೊರಡಬಹುದಿತ್ತು. ಕಂಬಂ ಊರೊಳಗೆ ಬಂದಾಗ ದೀಪ ಹಚ್ಚುವ ಹೊತ್ತು. ದನಗಳು ಬೀದಿ ತುಂಬಿಕೊಂಡು ತೊಳುವಿಗೆ ತಿರುಗುತ್ತಿದ್ದವು. ತಾಯಿಯ ಮೇಲಿನ ಪ್ರೀತಿಯಿಂದ ಯಜಮಾನರು ಕಾರು ನಿಲ್ಲಿಸಿ, ಅವ್ವ, ರಾಜ ಬಂದ, ಕಬ್ಬು ಕೊಡು ಅಂದರು. ಮಗಳು ಅಪ್ಪನ ಬೆನ್ನಿಗೆ ಗುದ್ದಿದಳು. ಈಗ ಅವನೇನಾದರೂ ಮುಖ ತಿರುಗಿಸಿದರೆ? ದಿನವೆಲ್ಲ ಮೇದು ಹೊಟ್ಟೆ ತುಂಬಿಸಿಕೊಂಡು ಬಂದ ಗೂಳಿ ಕಬ್ಬನ್ನು ಮೂಸಿ ನೋಡುವುದೂ ಅನುಮಾನ.

ಆದರೆ ಅತ್ತೆ ಆಗಲೇ ಬಾಗಿಲು ತೆರೆದಾಗಿತ್ತು. ನಾನು ತೋಳು ಕೊಟ್ಟು ಇಳಿಸಿದೆ. ಕಬ್ಬಿನ ತುಂಡುಗಳನ್ನು ಎದೆಗವಚಿಕೊಂಡು ಅವರು ಕಾರಿಗೆ ಒರಗಿ ನಿಂತರು. ರಾಜ ಬಂದ, ಕೊರಳಿನ ಗಂಟೆ ಸದ್ದು ಮಾಡುತ್ತ. ನಾನು ಕಣ್ಣು ಮುಚ್ಚಿಕೊಂಡೆ. ಅವನು ತಿಂದನೋ ಇಲ್ಲವೋ ನಾನು ನೋಡಲಿಲ್ಲ. ಪೂರ್ತಿ ತಿಂದ ಅನ್ನುತ್ತಾರೆ ಯಜಮಾನರು. ಮೂಸಿ ಬಿಟ್ಟ, ಹಿಂದೆ ಬಂದ ಕರು ತಿಂದಿತು ಅನ್ನುತ್ತಾಳೆ ಮಗಳು. ಕಾರು ಹೊರಟ ಮೇಲೂ ಇಬ್ಬರೂ ಅದೇ ಜಗಳ.

"ನಾ ಏನೂ ಕೇಳ್ಲಿಲ್ಲ," ಎಂದರು ಅತ್ತೆ. "ಸುಮ್ಮಾ ಕೊಟ್ಟೆ. ತಿಂದ್ರೆ ಅವನ ಹೊಟ್ಟೆ, ಬುಟ್ರೆ ಅವನ ಹೊಟ್ಟೆ. ಗುರುವಾರ ನೀ ನನ್ನ ಕೂಡ ಇರ್ತೀಯಲ್ಲ, ತಾಯಿ?"

ಕೊನೆಯ ಮಾತು ಕೇಳಿದ್ದು ನನ್ನನ್ನು. ಇರ್ತೀನಿ ಅತ್ತೆ ಎಂದೆ. ಉತ್ತಮಪಾಳಯ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು.

ಆ ಗುರುವಾರ ಒಂದು ಕಾಲು, ಮಳೆಗಾಲ ಮುಗಿದ ಮೇಲೆ ಇನ್ನೊಂದು. ಎರಡನೆಯದಕ್ಕೆ ಯಾರನ್ನೂ ಕೇಳಲಿಲ್ಲ. ಒಂದು ಸಲ ಹೇಳಿದ್ದು ಸಾಲದಾ ಅಂದರು. ಈಗ ಬೀದಿ ಕೊನೆಯ ಪಿಳ್ಳೆಯಾರ್ ಗಣಪನ ಗುಡಿಗೆ ದಿನಾ ನಡೆದು ಹೋಗುತ್ತಾರೆ, ನಾನು ಹಿಂದೆ ಬಿದ್ದರೆ ನಿಂತು ಗೊಣಗುತ್ತಾರೆ. ಆದರೆ ನಾನು ಎಣಿಸುವ ದಯೆ ಅದಲ್ಲ. ಎರಡನೆಯ ಕಾಲೂ ಆಗಿ ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳೊಂದಾದ ಮೇಲೆ ಒಂದು ಬೆಳಗ್ಗೆ ಅವರು ಕೋಲೂರಿಕೊಂಡು ಒಬ್ಬರೇ ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಅಭ್ಯಾಸಬಲದಿಂದ ಬಾಗಿಲ ಹೊರಗೆ ನಿಂತೇ ಇದ್ದೆ. ಒಳಗೆ ಚೊಂಬಿನ ಸದ್ದು, ನೀರಿನ ಸದ್ದು, ಆಮೇಲೆ ಅವರ ದನಿ. "ಅಲ್ಲೇ ನಿಂತಿದ್ದೀಯಾ? ಓಗಿ ಇಡ್ಲಿ ನೋಡು." ಹೋದೆ. ಇಡ್ಲಿ ಅಷ್ಟರಲ್ಲಿ ಅತಿಯಾಗಿ ಬೆಂದಿತ್ತು.